ನದಿಗೆ ಕೊಟ್ಟ ಬಾಗಿನ

ಇಂಥ ಅನುಭವಗಳನ್ನು ಯಾರಾದರೂ ಹೇಳಿದಾಗ ಮುಖ ಗಂಭೀರವಾಗಿಟ್ಟುಕೊಂಡು ಒಳಗೊಳಗೇ ನಕ್ಕವಳು ನಾನು. ಶಕುನ, ಸೂಚನೆ ಯಾವುದನ್ನೂ ನಂಬಿರಲಿಲ್ಲ. ಈಗ ನಂಬುತ್ತೇನೆಂದೂ ಹೇಳಲಾರೆ. ಹಾಗೆ ನೋಡಿದರೆ ನನ್ನ ನೆನಪಿನ ಮೇಲೂ ನನಗೆ ಪೂರ್ತಿ ವಿಶ್ವಾಸವಿಲ್ಲ. ಆ ಗೌರಿಹಬ್ಬದ ದಿನ ಅತ್ತಿಗೆ ಹಸಿರು ಸೀರೆ ಉಟ್ಟಿದ್ದರೆಂದು ವರ್ಷಗಟ್ಟಲೆ ಅಂದುಕೊಂಡಿದ್ದೆ. ಮೊನ್ನೆ ಹಳೆಯ ಫೋಟೊ ಕಣ್ಣಿಗೆ ಬಿತ್ತು. ಸೀರೆ ನೇರಳೆ ಬಣ್ಣದ್ದು. ನೀವೂ ಅಷ್ಟು ಅನುಮಾನ ಇಟ್ಟುಕೊಂಡೇ ಇದನ್ನು ಓದಿ.

ವಾಟ್ಸಾಪ್ ಗುಂಪುಗಳು ಆಗಷ್ಟೇ ಹುಟ್ಟಿಕೊಳ್ಳುತ್ತಿದ್ದ ಕಾಲ. ನಾವು ಬರ್ಮಿಂಗ್‌ಹ್ಯಾಮಿನಿಂದ ಸ್ವಲ್ಪ ದೂರದಲ್ಲಿ, ಸೆವರ್ನ್ ನದಿಯ ದಡದ ಒಂದು ಹಳೆಯ ಊರಿನಲ್ಲಿದ್ದೆವು. ಕಲ್ಲಿನ ಸೇತುವೆ, ನದಿಗೆ ಮುಖ ಮಾಡಿ ನಿಂತ ಇನ್ನೂರು ವರ್ಷದ ಇಟ್ಟಿಗೆ ಮನೆಗಳು, ಭಾನುವಾರ ಐಸ್‌ಕ್ರೀಮ್ ತಿನ್ನಲು ಬರುವ ಜನ. ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದ ನನ್ನ ಗಂಡ ಸುಧೀರನಿಗೆ ಆ ಊರೆಂದರೆ ಮೋಹ. ಡ್ಯೂಟಿ ಪಟ್ಟಿ ನೋಡಿಕೊಂಡು ಅವನು ಹೊರಟ ಮೇಲೆ ಆ ಚಂದವನ್ನೆಲ್ಲ ನೋಡುತ್ತ ಕೂರುವ ಕೆಲಸ ನನ್ನದು. ಎರಡು ಸಲ ಬಸುರಾಗಿ, ಎರಡು ಸಲವೂ ಕಳೆದುಕೊಂಡದ್ದು ಆ ಮನೆಯಲ್ಲೇ.

ಹಬ್ಬಕ್ಕೆ ಕೊವೆಂಟ್ರಿಯಲ್ಲಿದ್ದ ಅತ್ತಿಗೆಯ, ಅಂದರೆ ಸುಧೀರನ ಅಕ್ಕನ, ಮನೆಗೆ ಹೋದೆವು. ಅವರು ಜಿಪಿ, ಕ್ಲಿನಿಕ್ಕಿನ ಫ್ಯಾಮಿಲಿ ಡಾಕ್ಟರು. ಗರ್ಭಪಾತವಾಗಿ ಬಂದ ಹೆಣ್ಣುಮಕ್ಕಳಿಗೆ, ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ ಎಂದು ದಿನವೂ ಸಮಾಧಾನ ಹೇಳುವವರು. ನಾನು ಬಾಗಿನ ಸಿದ್ಧ ಮಾಡಿಕೊಂಡು ಹೋಗಿದ್ದೆ. ಮೊರ ಎಲ್ಲಿ ಸಿಗಬೇಕು? ಎರಡು ಫಾಯಿಲ್ ಟ್ರೇಗಳನ್ನು ಒಂದರ ಮೇಲೊಂದು ಮುಚ್ಚಿ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಅರಿಶಿನ, ಕುಂಕುಮ, ಹಸಿರು ಗಾಜಿನ ಬಳೆ. ಬಳೆಗಳಿಗೆ ಅರಿಶಿನದ ದಾರ ಸುತ್ತಿ, ಗಂಟಿನಲ್ಲಿ ಒಂದು ಕರಿಮಣಿ ಪೋಣಿಸಿದ್ದೆ. ಅಮ್ಮ ಕಟ್ಟುತ್ತಿದ್ದದ್ದೇ ಹಾಗೆ. ಬೇರೆ ಯಾರೂ ಹಾಗೆ ಕಟ್ಟಿದ್ದನ್ನು ನಾನು ಕಂಡಿಲ್ಲ.

ಪೂಜೆ ಮುಗಿದು ಹೆಂಗಸರೆಲ್ಲ ಬಾಗಿನ ಕೊಟ್ಟು ತೆಗೆದುಕೊಂಡರು. ನನ್ನ ಸರದಿ ಬಂದಾಗ ಅತ್ತಿಗೆ ನನ್ನ ಕೈ ಹಿಡಿದು ಪಕ್ಕಕ್ಕೆ ಕರೆದೊಯ್ದರು.

"ಏನೂ ಅಂದ್ಕೋಬೇಡ ಕಣೇ. ಸೊಸೆಗೆ ಈಗ ಮೂರು ತಿಂಗಳು. ನಿಂದು ಮುಂದಿನ ವರ್ಷ ತಗೋತೀನಿ, ನಗ್ತಾ ನಗ್ತಾ ತಗೋತೀನಿ."

"ನೀವು ಡಾಕ್ಟರು ಅತ್ತಿಗೆ," ಎಂದೆ.

"ಕ್ಲಿನಿಕ್ಕಲ್ಲಿ ಡಾಕ್ಟ್ರು. ಮನೇಲಿ ಅಲ್ಲ," ಎಂದು ನಕ್ಕು, ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿಸಿದರು.

ಕಾರಿನಲ್ಲಿ ಬಾಗಿನ ನನ್ನ ತೊಡೆಯ ಮೇಲಿತ್ತು. "ಅಕ್ಕ ಹಳೇ ಕಾಲದೋಳು, ದೊಡ್ಡದು ಮಾಡ್ಬೇಡ," ಎಂದ ಸುಧೀರ. ಅವನು ನನ್ನ ಪರವಾಗಿ ಒಂದು ಮಾತಾಡಲೆಂದು ಆ ದಾರಿಯುದ್ದಕ್ಕೂ ಕಾದೆ. ಪೆಟ್ರೋಲ್ ಹಾಕಿಸಬೇಕಿತ್ತು ಎಂದ.

ನಮ್ಮ ಕಡೆ ನದಿಗೂ ಬಾಗಿನ ಕೊಡುತ್ತಾರೆ. ನದಿ ಬೇಡವೆನ್ನುವುದಿಲ್ಲ. ಮರುದಿನ ಬೆಳಿಗ್ಗೆ ನೆರೆಹೊರೆಯವರ ಕಣ್ಣು ತಪ್ಪಿಸಿ ಸೇತುವೆ ದಾಟಿ, ನದಿ ಹರಿಯುವ ದಿಕ್ಕಿನಲ್ಲೇ ಬಹಳ ಮುಂದಕ್ಕೆ, ತಿರುವಿನ ಆಚೆಗೆ ನಡೆದೆ. ಬಾಗಿನವನ್ನು ನೀರಿಗೆ ಬಿಟ್ಟೆ. ಟ್ರೇ ಸ್ವಲ್ಪ ದೂರ ತೇಲಿ, ಓರೆಯಾಗಿ, ಮುಳುಗಿತು. ನಾಯಿ ಜೊತೆ ಬಂದವನೊಬ್ಬ, ಕಸ ಎಸೆದರೆ ಕೌನ್ಸಿಲ್‌ನವರು ದಂಡ ಹಾಕುತ್ತಾರೆ ಎಂದು ಕೂಗಿ ಹೇಳಿದ.

ಫೆಬ್ರವರಿಯಲ್ಲಿ ನದಿ ಉಕ್ಕಿತು. ನಮ್ಮ ನೆಲಮಾಳಿಗೆಗೆ ಕಿಟಕಿಯಿಲ್ಲ, ಹೊರಗಿನಿಂದ ಬಾಗಿಲೂ ಇಲ್ಲ. ನೀರು ನೆಲದ ಇಟ್ಟಿಗೆಗಳ ಸಂದಿನಿಂದಲೇ ಒಸರಿ ಮೇಲಕ್ಕೆ ಬಂತು. ಸುಧೀರ ಆಸ್ಪತ್ರೆಯಲ್ಲೇ ಉಳಿದ. ಪಕ್ಕದ ಮನೆಯ ಮುದುಕ ಕೆನ್ ತನ್ನ ಪಂಪು ತಂದು ಎರಡು ದಿನ ನೀರು ಹೊರಹಾಕಿದ. "ನಿನ್ನ ಕೈಲಿ ಇನ್ನೊಂದು ಕಪ್ ಟೀ ಕುಡಿದರೆ ನಾನೇ ಉಕ್ಕಿ ಹರೀತೀನಿ, ಲವ್," ಎಂದು ತಮಾಷೆ ಮಾಡುತ್ತಿದ್ದ; ಅವನ ಬಾಯಲ್ಲಿ ಎಲ್ಲರೂ 'ಲವ್'. ಎರಡನೆಯ ದಿನ ಮಧ್ಯಾಹ್ನ, ಕೆಸರು ಬಾಚುತ್ತಿದ್ದವನು ಮೆಟ್ಟಿಲು ಹತ್ತಿ ಬಂದ.

"ಇದು ನಿನ್ನದೇನು, ಲವ್? ಕೆಳಗಿನ ಮೆಟ್ಟಿಲ ಮೇಲಿತ್ತು. ಚೆಂದ ಇದೆ."

ಹಸಿರು ಬಳೆಗಳು. ಅವನ ಕೈಯೆಲ್ಲ ಕೆಸರು, ಬಳೆಗಳ ಮೇಲೂ ಕೆಸರು. ಸುತ್ತಿದ ದಾರ ಮಾತ್ರ ಆಗತಾನೇ ಅದ್ದಿ ತೆಗೆದಷ್ಟು ಹಳದಿ. ಗಂಟಿನಲ್ಲಿ ಕರಿಮಣಿ. ಒಂದು ಬಳೆಯೂ ಒಡೆದಿರಲಿಲ್ಲ.

ಸಂಜೆ ಬಂದ ಸುಧೀರ ಹೆಚ್ಚು ಹೊತ್ತು ನೋಡಲಿಲ್ಲ. "ಎರಡು ಜೊತೆ ಕಟ್ಟಿರ್ತೀಯ. ಒಂದು ಕೆಳಗೆ ಬಿದ್ದಿರುತ್ತೆ, ಅಷ್ಟೇ."

ಇರಬಹುದು. ಎರಡು ಜೊತೆ ಕಟ್ಟಿದ ನೆನಪು ನನಗಿಲ್ಲ, ಆದರೆ ಸೀರೆಯ ಬಣ್ಣವೂ ನನಗೆ ನೆನಪಿರಲಿಲ್ಲವಲ್ಲ. ಹಾಗಿದ್ದರೂ ಐದಾರು ತಿಂಗಳು ಆ ತೇವದಲ್ಲಿದ್ದ ದಾರ ಹಾಗೆ ಉಳಿಯುವುದು ಹೇಗೆ? ನದಿಯಿಂದಲೇ ಬಂದದ್ದಾದರೆ, ಹರಿವಿಗೆ ಎದುರಾಗಿ ಬಂದು ಇಟ್ಟಿಗೆ ನೆಲದೊಳಗಿನಿಂದ ಗಾಜಿನ ಬಳೆ ಏಳುವುದು ಹೇಗೆ? ನನಗೆ ಗೊತ್ತಿಲ್ಲ.

ಆ ರಾತ್ರಿ ನಾನು ಅಂದುಕೊಂಡದ್ದು ಒಂದೇ: ನದಿಯೂ ಬೇಡ ಅಂದಿತು. ಆ ಮಾತು ಬಹಳ ಕಾಲ ನನ್ನೊಳಗೆ ಕಹಿಯಾಗಿ ಉಳಿಯಿತು. ಅತ್ತಿಗೆ ಹೇಳಿದ ಮುಂದಿನ ವರ್ಷ ಬರುವಷ್ಟರಲ್ಲಿ ನಾನು ಆ ಮನೆಯಲ್ಲೂ ಇರಲಿಲ್ಲ, ಆ ದಾಂಪತ್ಯದಲ್ಲೂ ಇರಲಿಲ್ಲ. ಈಗ ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ಒಂದು ಕೋಣೆ. ಬಳೆಗಳು ಬೀರುವಿನಲ್ಲಿವೆ, ತೊಟ್ಟಿಲ್ಲ, ಯಾರಿಗೂ ಕೊಟ್ಟಿಲ್ಲ. ದಾರ ಈಗ ಬಿಳಿಚಿದೆ, ಎಲ್ಲ ದಾರಗಳ ಹಾಗೆ.

ಒಂದು ವಿಷಯ ಮಾತ್ರ ಬಹಳ ತಡವಾಗಿ ನೆನಪಾಯಿತು, ನಿಜವೋ ನಾನೇ ಕಲ್ಪಿಸಿಕೊಂಡದ್ದೋ ಹೇಳಲಾರೆ. ಕೆನ್ ಬಳೆ ಚಾಚಿದಾಗ ನಾನು ಕೈ ಚಾಚಲಿಲ್ಲ. ಹಾಕಿಕೊಂಡಿದ್ದ ಸ್ವೆಟರಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಬಾಗಿನಕ್ಕೆ ಸೆರಗೊಡ್ಡುವ ಹಾಗೆ ಒಡ್ಡಿದೆ. ತನ್ನದೇ ವಸ್ತು ವಾಪಸು ಬಂದರೆ ಯಾರೂ ಹಾಗೆ ತೆಗೆದುಕೊಳ್ಳುವುದಿಲ್ಲ.