ಒಂಬತ್ತು ದಿನದ ಬೇವು

ರೇಣುಕಾಳಿಗೆ ಅಮ್ಮ ಬಂದಿರಲೇ ಇಲ್ಲ. ಮೈಮೇಲೆ ಎದ್ದಿದ್ದವು ಬರೀ ಬೆವರುಗುಳ್ಳೆಗಳು. ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿ ಓಣಿಗೆಲ್ಲ ಸುಳ್ಳು ಹೇಳಿದವಳು ನಾನು.

ನಿನ್ನೆ ಹಿಂದಿನ ಓಣಿಯಲ್ಲಿ ಯಾರದೋ ಬಾಗಿಲಿಗೆ ಬೇವು ಕಟ್ಟಿತ್ತು. ಆ ಕಹಿ ವಾಸನೆಗೆ ನನಗೆ ನಗು ಬಂತು. ಪಕ್ಕದ ಮನೆಯವಳು ಮಾತ್ರ ಕೈ ಮುಗಿದು, "ದೇವಿ ದೊಡ್ಡಾಕಿ ನೋಡ್ರಿ, ಅವತ್ತು ಶಾಂತವ್ವನ ಮಕ್ಕಳು ಬೀದಿಗೆ ಬೀಳದಂಗ ಕಾಯ್ದಳು" ಎಂದಳು. ಕೈ ಮುಗಿಯಲಿ ಪಾಪ. ನಿಮಗಾದರೂ ನಿಜ ಹೇಳಿಬಿಡುತ್ತೇನೆ.

ಶಾಂತವ್ವ ಸೀರೆ ನೇಯುವವಳು. ನಾರಾಯಣಪೇಟೆಯಲ್ಲಿ ನಮ್ಮ ಓಣಿಯ ಕೊನೆಯ ಮನೆಯಲ್ಲಿ ಬಾಡಿಗೆಗಿದ್ದಳು. ಎರಡು ಹೆಣ್ಣು ಮಕ್ಕಳು. ರೇಣುಕಾಳಿಗೆ ಎಂಟು, ಚಿಕ್ಕದು ಇನ್ನೂ ಅಂಬೆಗಾಲಿನದು. ಎರಡು ಬೇಸಿಗೆಯ ಹಿಂದೆ ಮನೆ ಮಾಲೀಕ ಅದನ್ನು ಕೆಡವಿ ಅಂಗಡಿ ಕಟ್ಟುತ್ತೇನೆಂದ. ಸೋಮವಾರ ಜೆಸಿಬಿ ಬರುತ್ತದೆ, ಅಷ್ಟರೊಳಗೆ ಖಾಲಿ ಮಾಡು ಎಂದ.

ಬೇರೆ ಮನೆ ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ಅವಳದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಮಗ್ಗವಿಲ್ಲದಿದ್ದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅವಳ ಗಂಡ ಗದ್ವಾಲದಲ್ಲಿ ಮನೆ ಹುಡುಕುತ್ತಿದ್ದ, ನಾನು ಇಲ್ಲಿ ಹುಡುಕಿದೆ. ಎಲ್ಲರದೂ ಒಂದೇ ಮಾತು: "ಟೈಲ್ಸ್ ಹಾಕ್ಸೀವ್ರಿ, ಕುಣಿ ತೋಡಾಕ ಕೊಡಂಗಿಲ್ಲ." ಮಕ್ತಲ್‌ನಲ್ಲಿರುವ ನನ್ನ ತಂಗಿಯೂ ಹಾಗೇ ಅಂದಳು. ಬೈದು ಬಸ್ಸು ಹತ್ತಿ ಬಂದೆ.

ಸೋಮವಾರ ಬೆಳಿಗ್ಗೆ ರೇಣುಕಾಳ ಬೆವರುಗುಳ್ಳೆ ಕಣ್ಣಿಗೆ ಬಿದ್ದದ್ದೇ ಶಾಂತವ್ವನ ಬಾಗಿಲಿಗೆ ಬೇವು ಕಟ್ಟಿದೆ. ಮಾಲೀಕ ಬಂದವನು ಅಂಗಳದಲ್ಲೇ ಚಪ್ಪಲಿ ಬಿಟ್ಟು ನಿಂತ.

"ದೊಡ್ಡವ್ವಾ, ಖರೇನ ಅಮ್ಮ ಬಂದಾಳೇನು?"

"ಒಳಗ ಹೋಗಿ ನೀನ ಕೇಳಪಾ. ಆಮ್ಯಾಲ ನಿನ್ನ ಮಕ್ಕಳಿಗೆ ಬಂದ್ರ ನನ್ನ ಅನಬ್ಯಾಡ."

ಅಮ್ಮ ಬಂದ ಮನೆಯನ್ನು ಕೆಡವುವ ಧೈರ್ಯ ಯಾರಿಗಿದೆ? ಒಂಬತ್ತನೇ ದಿನ ಹುಡುಗಿಯ ತಲೆಗೆ ನೀರು ಹಾಕುವ ತನಕ ಜೆಸಿಬಿ ಬರುವುದಿಲ್ಲ ಎಂದು ಹೋದ. ಅವನ ತಾಯಿ ದಿನವೂ ಮೊಸರನ್ನ ತಂದು ಹೊಸ್ತಿಲಲ್ಲಿಟ್ಟು ರೇಣುಕಾಳಿಗೆ ಕೈ ಮುಗಿಯುತ್ತಿದ್ದಳು. ನಾಲ್ಕನೇ ದಿನ ನಮ್ಮ ದೇವಿಗೆ ಬೇಸರವಾಯಿತು, ನನ್ನ ಸೆರಗು ಜಗ್ಗಿದಳು.

"ಆಯಿ, ಮೊಸರನ್ನ ಸಾಕು. ಮಿರ್ಚಿ ಬಜ್ಜಿ ತಂದುಕೊಡು."

"ಸುಮ್ಮನ ಬೀಳ ಮೂಳಿ. ದೇವಿ ಬಜ್ಜಿ ತಿಂತಾಳೇನು?"

ಆದರೂ ಸೆರಗಿನಲ್ಲಿ ಮುಚ್ಚಿಕೊಂಡು ಎರಡು ತಂದುಕೊಟ್ಟೆ. ಅಷ್ಟು ಸುಳ್ಳು ಹೇಳಿದವಳಿಗೆ ಇದೇನು ದೊಡ್ಡದು?

ದಿನ ಕಳೆದವು, ಮನೆ ಸಿಗಲಿಲ್ಲ. ಎಂಟನೇ ದಿನ ಶಾಂತವ್ವನ ಗಂಡ ಬರಿಗೈಯಲ್ಲಿ ಬಂದು ಗೋಡೆಗೆ ಒರಗಿ ಕೂತ. ಗದ್ವಾಲದಲ್ಲೂ ಟೈಲ್ಸೇ ಅಂತೆ. ನಾನು ಮಾಲೀಕನನ್ನು ಬೈದೆ, ತಂಗಿಯನ್ನು ಬೈದೆ, ಟೈಲ್ಸ್ ಕಂಡುಹಿಡಿದವನನ್ನೂ ಬೈದೆ. ಚಾಪೆಯ ಮೇಲೆ ಮಲಗಿದ್ದ ರೇಣುಕಾ ಎಲ್ಲವನ್ನೂ ಕೇಳಿಸಿಕೊಂಡು ತಲೆ ಎತ್ತಿದಳು.

"ಆಯಿ, ನಿನ್ನ ಪಡಸಾಲಿಗೂ ಟೈಲ್ಸ್ ಹಾಕ್ಸೀಯೇನು?"

"ಇಲ್ಲ," ಅಂದೆ. "ಮಣ್ಣಿನ ನೆಲ."

ಶಾಂತವ್ವ ಮಗಳ ಬಾಯಿ ಮುಚ್ಚಲು ಕೈ ಚಾಚಿದವಳು ಹಾಗೇ ನಿಂತಳು.

ನನ್ನ ಪಡಸಾಲೆ ಖಾಲಿಯೇ ಇತ್ತು. ಒಂದು ಹಳೆಯ ಮಂಚ, ಎರಡು ಬುಟ್ಟಿ, ಅಷ್ಟೇ. ಮದುವೆಯಾಗಿ ಬಂದಾಗಿನಿಂದ ಸಾರಿಸಿ ಸಾರಿಸಿ ಕನ್ನಡಿ ಮಾಡಿದ್ದ ನೆಲ ಅದು. ಅದನ್ನು ಅಗೆಯಬೇಕಾದೀತೆಂದು ಹೆದರಿ ಎಂಟು ದಿನ ಊರಿನವರ ನೆಲಗಳನ್ನೆಲ್ಲ ನೋಡಿಬಂದೆ. ದೇವಿಯನ್ನು ಕರೆತರುವುದು ನನಗೆ ಸುಲಭವಾಯಿತು, ನನ್ನ ಬಾಗಿಲು ತೆಗೆಯುವುದು ಕಷ್ಟವಾಯಿತು.

"ನಾಳಿ ಬಾ, ಜಾಗ ನೋಡು," ಎಂದೆ ಶಾಂತವ್ವನಿಗೆ. ಅವಳ ಕಣ್ಣು ತುಂಬಿತು. "ಅಳಾಕ ಹತ್ತಬ್ಯಾಡ ಮತ್ತ. ನನಗ ಆಗಿಬರಂಗಿಲ್ಲ," ಎಂದು ಎದ್ದು ಬಂದೆ. ಎಷ್ಟೋ ದಿನಗಳ ಮೇಲೆ ಆ ಹೊತ್ತು ಅನ್ನ ರುಚಿಯಾಗಿ ಗಂಟಲಲ್ಲಿ ಇಳಿಯಿತು.

ಮರುದಿನ ಬೆಳಿಗ್ಗೆ ಮಂಚ ಎತ್ತಿ ಹೊರಗೆ ಹಾಕಿದೆ. ಕಿಟಕಿಯ ಬೆಳಕು ಬೀಳುವ ಕಡೆ ಶಾಂತವ್ವನನ್ನು ಕೂರಿಸಿ ಕಾಲು ಚಾಚಿಸಿದೆ. ಅವಳ ಕಾಲಿನ ಅಳತೆಗೆ ಸುತ್ತ ಸುಣ್ಣದ ಗೆರೆ ಎಳೆದೆ. ಅವಳ ಗಂಡ ಹಾರೆ ಹಿಡಿದು ನನ್ನ ಮುಖ ನೋಡುತ್ತ ನಿಂತುಬಿಟ್ಟ. ಅವನ ಕೈಯಿಂದ ಹಾರೆ ಕಿತ್ತುಕೊಂಡು ಮೊದಲ ಏಟು ನಾನೇ ಹಾಕಿದೆ.