ಅಮ್ಮನ ಹುಳುಮನೆಗೆ ಬಂದ ಅಣ್ಣ

ತೊಂಬತ್ತರ ದಶಕದ ನಡುವೆ ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಮನುಷ್ಯರ ಜೀವಕೋಶಗಳನ್ನು ಗಾಜಿನ ಬಟ್ಟಲಲ್ಲಿ ಬೆಳೆಸಲು ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನು ಬೇಕು. ವಿದೇಶದಿಂದ ಬರುವ ಸೀಸೆಯಲ್ಲಿ ಅದು ಕಣ್ಣಿಗೆ ಕಾಣುವಷ್ಟೂ ಇರುತ್ತಿರಲಿಲ್ಲ, ಬೆಲೆ ಮಾತ್ರ ಗಗನಕ್ಕೆ. ಅದನ್ನು ಇಲ್ಲೇ ಮಾಡಲು ಹೊರಟಿದ್ದೆವು. ಮನುಷ್ಯನ ಜೀನನ್ನು ರೇಷ್ಮೆಹುಳುವಿನ ವೈರಸ್ಸಿಗೆ ಸೇರಿಸಿ ಹುಳುವಿಗೆ ಚುಚ್ಚಿದರೆ, ಅದು ಸಾಯುವ ಮೊದಲು ತನ್ನ ರಕ್ತದಲ್ಲೇ ಆ ಪ್ರೋಟೀನನ್ನು ಮಾಡಿಕೊಡುತ್ತದೆ.

ಆ ವೈರಸ್ಸು ಬೇರೇನಲ್ಲ, ಹುಳು ಸಾಕುವವರು ಹೆಸರೆತ್ತಲೂ ಹೆದರುವ ಹಾಲುತೊಂಡೆ ರೋಗದ್ದು. ಬೆಂಗಳೂರಿನ ಪಕ್ಕದ ವಿಜಯಪುರದ ಹತ್ತಿರ ನಮ್ಮ ಮನೆಯಲ್ಲಿ ಅಮ್ಮ ಹುಳು ಸಾಕುತ್ತಿದ್ದಳು. ಹುಳುಮನೆಯೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಲ್ಯಾಬಿನಲ್ಲಿ ನಾನು ಅಣ್ಣ ಎನ್ನುತ್ತಿದ್ದ ಸೀನಿಯರ್ ಒಂದು ಭಾನುವಾರ ಮನೆಗೆ ಬಂದ. ಸ್ನಾನ ಮಾಡಿ, ಅಪ್ಪನ ಪಂಚೆ ಉಟ್ಟು, "ಒಂದ್ಸಲ ನೋಡ್ಬಿಟ್ಟು ಬರ್ತೀನಮ್ಮ" ಎಂದ. ಮುದ್ದೆ ಕೇಳಿ ಹಾಕಿಸಿಕೊಂಡು ಉಂಡವನಿಗೆ ಅಮ್ಮ ಇಲ್ಲ ಅನ್ನಲಿಲ್ಲ.

ಅದಾದ ಕೆಲವು ದಿನಕ್ಕೆ, ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳುಗಳು ಊದಿಕೊಂಡು, ತಟ್ಟೆಯ ಅಂಚಿಗೆ ಹರಿದು, ಮುಟ್ಟಿದರೆ ಒಡೆದು ಹಾಲು ಸುರಿಸತೊಡಗಿದವು. ಸುದ್ದಿ ತಿಳಿದು ಅವನೂ ಓಡಿಬಂದ. ಯಾವ ರೋಗವೆಂದು ನೋಡುವುದಾಗಿ ಹೇಳಿ ಮೂಲೆಯ ತಟ್ಟೆಯ ಕೆಲವು ಹುಳುಗಳನ್ನು ಡಬ್ಬಿಗೆ ಹಾಕಿಕೊಂಡ. ಉಳಿದದ್ದನ್ನೆಲ್ಲ ಅಪ್ಪ ಗುಂಡಿಗೆ ಹಾಕಿ ಸುಣ್ಣ ಸುರಿದ.

"ನನ್ನಿಂದ್ಲೇ ಕಣಪ್ಪ ಆಗಿದ್ದು. ತಟ್ಟೆ ಸರಿಯಾಗಿ ತೊಳ್ದಿಲ್ವೇನೋ" ಎಂದು ಅಮ್ಮ ಅವನ ಮುಂದೆ ಅತ್ತಳು.

"ನಿಮ್ದೇನ್ ತಪ್ಪಮ್ಮ, ಸೆಕೆ ಹಂಗಿದೆ" ಎಂದ. ನನಗೆ ಅವನ ಮೇಲೆ ಇನ್ನಷ್ಟು ಅಭಿಮಾನ ಉಕ್ಕಿತು, ನನ್ನ ಬುದ್ಧಿಗಿಷ್ಟು.

ಮುಂದೆ ಲ್ಯಾಬಿನ ಸೆಮಿನಾರಿನಲ್ಲಿ ಅವನು ಪರದೆಯ ಮುಂದೆ ನಿಂತು, ಹಳ್ಳಿಮನೆಯ ಹುಳುಗಳಿಗೂ ವೈರಸ್ ಚುಚ್ಚಿ ನೋಡಿದ್ದೇನೆ, ಪ್ರೋಟೀನು ಚೆನ್ನಾಗಿಯೇ ಬಂದಿದೆ ಎಂದ. ಚಿತ್ರದಲ್ಲಿದ್ದದ್ದು ನಮ್ಮ ತಟ್ಟೆ, ಅಮ್ಮ ಹಳೇ ಸೀರೆಯ ಅಂಚು ಸುತ್ತಿದ್ದ ತಟ್ಟೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಅವನನ್ನು ಅಡ್ಡಗಟ್ಟಿ ಕೇಳಿದೆ.

"ಆ ಭಾನುವಾರ ಮೂಲೇಲಿದ್ದ ನಾಲ್ಕೇ ಹುಳಕ್ಕೆ ಚುಚ್ಚಿದ್ದು ಕಣಮ್ಮ. ಹಿಂಗೆ ಹಬ್ಬುತ್ತೆ ಅಂತ ಯಾರಿಗ್ ಗೊತ್ತಿತ್ತು? ಕೇಳಿದ್ರೆ ನೀನು ಬೇಡ ಅಂತಿದ್ದೆ."

ಅಂತಿದ್ದೆ, ನಿಜ. ಅದಕ್ಕೇ ಅವನು ಕೇಳಲಿಲ್ಲ.

ತಪ್ಪು ತನ್ನದಲ್ಲವೆಂದು ತಿಳಿದರೆ ಅಮ್ಮನಿಗೆ ಸಮಾಧಾನವಾದೀತೆಂದು ಊರಿಗೆ ಹೋಗಿ ಎಲ್ಲ ಹೇಳಿದೆ. ಅವಳು ಹುಳುಗಳ ಮಾತನ್ನೇ ಎತ್ತಲಿಲ್ಲ.

"ನಾನು ಅವನ ಮುಂದೆ ಅಳ್ತಿದ್ನಲ್ಲ, ಆವಾಗ್ಲೂ ಅವನಿಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತಮ್ಮ" ಎಂದೆ.

ಅವಳು ಮತ್ತೆ ಅತ್ತಳು. ಈ ಸಲ ನನಗೂ ಬೆನ್ನು ತಿರುಗಿಸಿ ಕೂತು ಅತ್ತಳು.