ಗರಡಿ ಮಾವನ ವಾದ

ಮೊನ್ನೆ ಮೊಮ್ಮಗ ಕಾಲು ಉಳುಕಿಸಿಕೊಂಡು ಬಂದ. ಸೊಸೆ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿದಳು. ಆ ವಾಸನೆ ಅಡುಗೆಮನೆಯಿಂದ ಬಂದದ್ದೇ ತಡ, ಸೋಸುತ್ತಿದ್ದ ಸೊಪ್ಪನ್ನು ಬಿಟ್ಟು ಸುಮ್ಮನೆ ಕೂತುಬಿಟ್ಟೆ. "ಏನಾತ್ರಿ ಅತ್ತಿ?" ಎಂದು ಸೊಸೆ ಗಾಬರಿಯಾದಳು. ನನಗೆ ಗರಡಿ ಮಾವ ನೆನಪಾಗಿದ್ದರು...

ನಾನು ಪೆದ್ದಹರಿವಾಣದಿಂದ ಆದೋನಿಗೆ ಸೊಸೆಯಾಗಿ ಬಂದ ಹೊಸತು. ನಮ್ಮವರಿಗೆ ಹತ್ತಿ ದಲಾಲಿ ಕೆಲಸ. ನಮ್ಮದೂ ಪಕ್ಕದ ಮನೆಯದೂ ಒಂದೇ ಗೋಡೆ; ಹಿತ್ತಲಿನ ಮೋಟುಗೋಡೆಯ ಆಚೆ ಗರಡಿ. ಅದನ್ನು ನಡೆಸುತ್ತಿದ್ದ ಪಕ್ಕದ ಮನೆಯವರು ಊರಿಗೆಲ್ಲ ಕುಸ್ತಿ ಕಲಿಸುವ ವಸ್ತಾದಿ, ನನಗೆ ಗರಡಿ ಮಾವ. ಬೆಳಗಾದರೆ ಎಣ್ಣೆ, ಕರ್ಪೂರ, ಮಜ್ಜಿಗೆ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ವಾಸನೆ ನನ್ನ ಒಲೆಯವರೆಗೂ ಬರುತ್ತಿತ್ತು. ಮೊದಮೊದಲು ಮೂಗು ಮುರಿಯುತ್ತಿದ್ದೆ. ಆಮೇಲೆ ಅದಿಲ್ಲದೆ ಬೆಳಗಾಯಿತು ಅಂತಲೇ ಅನಿಸುತ್ತಿರಲಿಲ್ಲ.

ಮಾವನ ತಂದೆ ದೊಡ್ಡ ಪೈಲ್ವಾನರಂತೆ. ಬದುಕಿರುವವರೆಗೂ ಬೆನ್ನಿಗೆ ಮಣ್ಣು ತಾಗಿಸಿಕೊಳ್ಳಲಿಲ್ಲವಂತೆ. ಇರಲಿ, ಸತ್ತವರ ಬಗ್ಗೆ ಯಾರು ಕಡಿಮೆ ಹೇಳುತ್ತಾರೆ? ತಂಟೆ ಶುರುವಾದದ್ದು ಪರಊರಿನ ಹೊಸ ಪೈಲ್ವಾನನೊಬ್ಬ ಬಂದು ನಮ್ಮ ಕಡೆಯ ಗಟ್ಟಿಗರನ್ನೆಲ್ಲ ಕೆಡವಿ ಹೋದ ಮೇಲೆ. ಅಂದಿನಿಂದ ಸಂಜೆಯಾದರೆ ಪಕ್ಕದ ಮನೆಯ ಕಟ್ಟೆಯ ಮೇಲೆ ಒಂದೇ ಮಾತು: ಆ ಕಾಲದ ದೊಡ್ಡ ಪೈಲ್ವಾನನಿಗೂ ಈ ಕಾಲದ ಹೊಸಬನಿಗೂ ಕುಸ್ತಿ ಬಿದ್ದಿದ್ದರೆ ಯಾರು ಗೆಲ್ಲುತ್ತಿದ್ದರು? ಒಬ್ಬ ಮಣ್ಣು ಸೇರಿದ್ದಾನೆ, ಇನ್ನೊಬ್ಬ ರೈಲು ಹತ್ತಿ ಹೋಗಿದ್ದಾನೆ. ಇವರಿಗೆ ಮಾತ್ರ ಉಂಡ ಅನ್ನ ಜೀರ್ಣವಾಗದು! ನಮ್ಮವರೂ ಊಟದ ಹೊತ್ತು ಮೀರಿಸಿ ಅಲ್ಲೇ ಕೂತಿರುತ್ತಿದ್ದರು.

"ನಮ್ಮಪ್ಪನ ಮುಂದ ಅವ ಯಾವ ಗಿಡದ ತೊಪ್ಪಲ?" ಎಂದು ಮಾವ ತೊಡೆ ತಟ್ಟುತ್ತಿದ್ದರು.

ಎದುರು ನಿಂತು ವಾದಿಸುತ್ತಿದ್ದವನು ಅವರ ಒಬ್ಬನೇ ಮಗ. ಮದುವೆ ಗೊತ್ತಾಗಿದ್ದ ಹುಡುಗ, ನನ್ನನ್ನು ಅತ್ತಿಗಿ ಅತ್ತಿಗಿ ಎಂದು ಬಾಯಿ ತುಂಬ ಕರೆಯುತ್ತಿದ್ದ. "ಈಗಿನವರು ಸೀದಾ ಕಾಲಿಗೇ ಕೈ ಹಾಕ್ತಾರಪ್ಪಾ. ತಾತಗ ಅದು ಗೊತ್ತಿರಲಿಲ್ಲ. ಬುಡಸಮೇತ ಬೀಳ್ತಿದ್ದ," ಎಂದು ನಗುತ್ತಿದ್ದ.

ಆ ಗರಡಿಯಲ್ಲಿ ಒಂದು ಪದ್ಧತಿ ಇತ್ತು. ವಾದ ಮಾತಿನಲ್ಲಿ ಮುಗಿಯದಿದ್ದರೆ ವಾದಿಸಿದವರೇ ಮಣ್ಣಿಗೆ ಇಳಿಯಬೇಕು. ಯಾರ ಪರ ಮಾತಾಡಿದ್ದರೋ ಅವರಾಗಿಯೇ ಆಡಬೇಕು, ಅವರ ಪಟ್ಟುಗಳನ್ನೇ ಹಾಕಬೇಕು. ಆದರೆ ಅದು ತೋರಿಕೆಯ ಕುಸ್ತಿ. ಎತ್ತಿದವನು ಎದುರಾಳಿಯನ್ನು ಮೆಲ್ಲಗೆ ಇಳಿಸಬೇಕು, ಎಸೆಯುವಂತಿಲ್ಲ.

ಒಂದು ಬೆಳಿಗ್ಗೆ ತಂದೆ ಮಗ ಇಬ್ಬರೂ ಇಳಿದೇಬಿಟ್ಟರು. ಹೆಂಗಸರು ಗರಡಿ ಮೆಟ್ಟುವಂತಿರಲಿಲ್ಲ. ನಾನೂ ಮಾವನ ಹೆಂಡತಿಯೂ ಮೋಟುಗೋಡೆಯ ಹಿಂದೆ ನಿಂತೆವು. "ಇಬ್ರಿಗೂ ಹುಚ್ಚು ಹಿಡದೈತಿ ನೋಡವಾ. ರೊಟ್ಟಿನೂ ತಿಂದಿಲ್ಲ," ಎಂದು ಆಕೆ ಗೊಣಗುತ್ತಿದ್ದರು. ಹುಡುಗ ಹೇಳಿದಂತೆಯೇ ಕಾಲಿಗೆ ಕೈ ಹಾಕಿದ. ಮಾವ ದಡಕ್ಕನೆ ಮೊಣಕಾಲೂರಿ ಬಿದ್ದರು. ಸುತ್ತ ನಿಂತಿದ್ದ ಜನ ಘೊಳ್ಳೆಂದು ನಕ್ಕರು.

ಅಯ್ಯೋ, ಆ ನಗೆಯೊಂದು ಇರಬಾರದಿತ್ತು. ಮಾವ ಎದ್ದಾಗ ಅವರ ಮುಖ ನನಗೆ ಗುರುತಿನದಾಗಿರಲಿಲ್ಲ. ತಮ್ಮ ತಂದೆಯ ಹೆಸರುವಾಸಿ ಪಟ್ಟು ಹಾಕಿದರು, ಮಗನನ್ನು ಹೆಗಲ ಮೇಲಕ್ಕೆ ಎತ್ತಿದರು. ಇಳಿಸಲಿಲ್ಲ. ಅಗಸ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಬಡಿದರು. ಹುಡುಗ ತಲೆಕೆಳಗಾಗಿ ಬಿದ್ದ. "ಏಂ ಪಟ್ಟುರಾ ಅದಿ!" ಎಂದು ಯಾರೋ ತೆಲುಗಿನಲ್ಲಿ ಪಟ್ಟನ್ನು ಹೊಗಳಿ ಚಪ್ಪಾಳೆ ತಟ್ಟಿದರು. ಹುಡುಗ ಏಳಲಿಲ್ಲ...

ಬಳ್ಳಾರಿ ದವಾಖಾನೆಗೂ ಒಯ್ದು ಬಂದರು. ಕುತ್ತಿಗೆಯ ಮೂಳೆ ಮುರಿದಿತ್ತು, ಅದರಿಂದ ಕೆಳಗೆ ಮೈಗೆ ಸ್ವಾಧೀನವೇ ಇರಲಿಲ್ಲ. ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಬಂದು ನೋಡಿ, ನೀರೂ ಕುಡಿಯದೆ ಹೋದರು. ಮಾವ ಗರಡಿಯ ಬಾಗಿಲು ಹಾಕಿದರು. ಮಗನಿಗೆ ಉಣಿಸುವುದು, ಮೈ ಒರೆಸುವುದು, ಮಗ್ಗಲು ಬದಲಿಸುವುದು ಎಲ್ಲ ಅವರದೇ. ಹೆಂಡತಿಯನ್ನೂ ಹತ್ತಿರ ಬಿಡುತ್ತಿರಲಿಲ್ಲ.

ವಿಚಿತ್ರವೆಂದರೆ, ಕೆಲವು ದಿನಗಳಾದ ಮೇಲೆ ಅವರೇ ಜನರನ್ನು ಕರೆಕರೆದು ಮತ್ತೆ ಕಟ್ಟೆಯ ಮೇಲೆ ಕೂರಿಸತೊಡಗಿದರು. ಬಾಗಿಲಿನ ಒಳಗೇ ಮಗನ ಮಂಚ. ಅವನಿಗೆ ಕೇಳಲೆಂದು ಗಂಟಲು ಹರಿಯುವಂತೆ ಹೇಳುತ್ತಿದ್ದರು: "ಹೊಸಬನೇ ಗೆಲ್ತಿದ್ದ ಬಿಡ್ರಿ. ಕಾಲಿಗೆ ಕೈ ಹಾಕಿದ್ರ ನಮ್ಮಪ್ಪ ಏನು ಮಾಡ್ತಿದ್ದ?"

ಒಳಗಿನಿಂದ ಸಣ್ಣ ದನಿ ಬರುತ್ತಿತ್ತು. "ಸುಳ್ಳು ಹೇಳಬ್ಯಾಡಪ್ಪಾ. ತಾತನೇ ಗೆಲ್ತಿದ್ದ."

"ಇಲ್ಲಪಾ, ನೀ ಹೇಳಿದ್ದೇ ಖರೇ ಐತಿ."

"ಖರೇ ಇಲ್ಲಪ್ಪಾ. ಅಪ್ಪಾ, ನೀ ಅಳಬ್ಯಾಡ."

ಸಂಜೆ ಸಂಜೆ ಇದೇ. ಕಟ್ಟೆಯ ಮೇಲಿದ್ದವರು ತಲೆ ತಗ್ಗಿಸಿ ಕೂತಿರುತ್ತಿದ್ದರು. ಗೋಡೆಯ ಈಚೆ ನಾನು ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಈ ಮಾತನ್ನು ಮೊದಲೇ ಒಪ್ಪಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಸಿಟ್ಟು ಬರುತ್ತಿತ್ತು. ಮರುಗಳಿಗೆಯೇ ಅಳು ಬರುತ್ತಿತ್ತು. ಮಾವನ ಮೇಲಿನ ಆ ಸಿಟ್ಟು ಇವತ್ತಿಗೂ ನನಗೆ ಪೂರ್ತಿ ಹೋಗಿಲ್ಲ, ಮರುಕವೂ ಹೋಗಿಲ್ಲ.

ಬೇಸಿಗೆ ಕಾಣುವ ಮೊದಲೇ ಹುಡುಗ ಹೋದ. ಕಟ್ಟೆ ಖಾಲಿಯಾಯಿತು. ಎಷ್ಟೋ ಕಾಲದ ಮೇಲೆ ಚಿಪ್ಪಗಿರಿ ಕಡೆಯ ಒಬ್ಬ ಕುಸ್ತಿಯ ಹುಚ್ಚಿನವನು ಬಂದು ಕೂತ. ಪಾಪ, ಅವನಿಗೆ ಈ ಸಂಗತಿ ಯಾವುದೂ ಗೊತ್ತಿರಲಿಲ್ಲ. "ವಸ್ತಾದೀ, ನಿಮ್ಮಪ್ಪಗೂ ಆ ಹೊಸಬಗೂ ಕುಸ್ತಿ ಬಿದ್ದಿದ್ರ ಯಾರು ಗೆಲ್ತಿದ್ರು ಅಂತೀರಿ?" ಎಂದು ಕೇಳಿಯೇಬಿಟ್ಟ. ಮಜ್ಜಿಗೆ ಕೊಡಲು ಹೋಗಿದ್ದ ನಾನು ಚೊಂಬು ಹಿಡಿದು ಹಾಗೇ ನಿಂತೆ. ಮಾವ ಬಾಗಿಲೊಳಗೆ ಮಗನ ಮಂಚವಿದ್ದ ಕಡೆ ತಿರುಗಿದರು.

"ನನ್ನ ಮಗ," ಎಂದರು. "ನನ್ನ ಮಗನ ಮುಂದ ಅವರಿಬ್ರೂ ನಿಲ್ತಿರಲಿಲ್ಲ."

ಈಗ ಆ ಗರಡಿ ಇದ್ದಲ್ಲಿ ಹತ್ತಿ ಗೋದಾಮು ಎದ್ದಿದೆ. ಮಾವನೂ ಇಲ್ಲ, ಅವರ ಹೆಂಡತಿಯೂ ಇಲ್ಲ. ಆ ಇಬ್ಬರು ಪೈಲ್ವಾನರ ಹೆಸರು ಹೇಳುವ ಮುದುಕರು ಊರಲ್ಲಿ ಇನ್ನೂ ಕೆಲವರಿದ್ದಾರೆ. ಆ ಹುಡುಗನ ಹೆಸರು ಗೊತ್ತಿರುವವಳು ನಾನೊಬ್ಬಳೇ ಉಳಿದಿದ್ದೇನೆ.